ಕಲ್ಲಿನ ಹೆಸರಿನೊಳಗೆ ಏನಿದೆ?

ಶಾಲೆಗೆ ಹೋಗುವ ಹುಡುಗರ ಜೇಬಿನಲ್ಲಿ ಗೋಲಿ, ಬಳಪದ ಚೂರುಗಳ ಜೊತೆಗೆ ಒಮ್ಮೊಮ್ಮೆ ಅಯಸ್ಕಾಂತದ ತುಂಡೂ ಇರುವುದುಂಟು. ಅದನ್ನು ಮರಳಿನಲ್ಲಿ ಹೊರಳಾಡಿಸಿ, ಅಂಟಿಕೊಂಡ ಕಪ್ಪು ಕಣಗಳನ್ನು ಕಾಗದದ ಮೇಲೆ ಉದುರಿಸಿ, ಕೆಳಗಿನಿಂದ ಆಡಿಸಿ ಕುಣಿಸುವುದು ಹಳೆಯ ಆಟ. ಆಟಕ್ಕಿಂತಲೂ ಹಳೆಯದು ಆ ಹೆಸರು. ಸಂಸ್ಕೃತದಲ್ಲಿ 'ಅಯಸ್' ಎಂದರೆ ಕಬ್ಬಿಣ, 'ಕಾಂತ' ಎಂದರೆ ಪ್ರಿಯನಾದವನು. ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಹಳೆಯ ಚೀನೀ ಗ್ರಂಥಗಳಲ್ಲಿಯೂ ಇದೇ ಭಾವನೆ ಕಾಣುತ್ತದೆ. ಅಲ್ಲಿ ಇದು 'ಮಮತೆಯ ಕಲ್ಲು'. ತಾಯಿ ಮಕ್ಕಳನ್ನು ಬಳಿಗೆ ಕರೆದುಕೊಳ್ಳುವಂತೆ ಕಬ್ಬಿಣವನ್ನು ಕರೆದುಕೊಳ್ಳುವ ಕಲ್ಲು.

ಕನ್ನಡದ ಹಳ್ಳಿಗ ಇಷ್ಟು ಭಾವುಕನಾಗಲಿಲ್ಲ. ಆತ ಕಂಡದ್ದು ಸೂಜಿ ಹೋಗಿ ಕಲ್ಲಿಗೆ ಅಂಟಿಕೊಳ್ಳುವುದನ್ನು. ಹಾಗಾಗಿ 'ಸೂಜಿಗಲ್ಲು' ಎಂದ. ಇಂಗ್ಲಿಷ್ ನಾವಿಕನಿಗೆ ಈ ಕಲ್ಲಿನಿಂದ ಆಗಬೇಕಾಗಿದ್ದ ಕೆಲಸವೇ ಬೇರೆ. ನಡುಗಡಲಿನಲ್ಲಿ ದಿಕ್ಕು ತೋರಿಸುವುದರಿಂದ ಅವನಿಗೆ ಇದು 'ಲೋಡ್‌ಸ್ಟೋನ್', ಅಂದರೆ ದಾರಿಗಲ್ಲು. ಗ್ರೀಕರು ಕಲ್ಲು ಸಿಕ್ಕ ಸೀಮೆಯಾದ ಮ್ಯಾಗ್ನೀಷಿಯಾದ ಹೆಸರನ್ನೇ ಅದಕ್ಕೆ ಕೊಟ್ಟರು. ಮ್ಯಾಗ್ನೆಟ್, ಮ್ಯಾಗ್ನಟೈಟ್ ಎಂಬ ಇಂದಿನ ಪದಗಳೆಲ್ಲ ಅಲ್ಲಿಂದ ಬಂದವು. ರೋಮಿನ ಪ್ಲಿನಿ ಇನ್ನೊಂದು ಕತೆಯನ್ನೂ ಬರೆದಿಟ್ಟಿದ್ದಾನೆ. ಮ್ಯಾಗ್ನೆಸ್ ಎಂಬ ದನಗಾಹಿ ಬೆಟ್ಟದಲ್ಲಿ ನಡೆಯುತ್ತಿದ್ದಾಗ ಅವನ ಪಾದರಕ್ಷೆಯ ಮೊಳೆಗಳು ನೆಲಕ್ಕೆ ಕಚ್ಚಿಕೊಂಡವಂತೆ!

ಕಲ್ಲು ಒಂದೇ, ಹೆಸರು ಐದು. ಸಂಸ್ಕೃತಕ್ಕೂ ಚೀನೀ ಭಾಷೆಗೂ ಅದು ಪ್ರೀತಿ, ಕನ್ನಡಕ್ಕೆ ಸೂಜಿ, ಇಂಗ್ಲಿಷಿಗೆ ದಾರಿ, ಗ್ರೀಕಿಗೆ ಊರು. ಕುದುರೆಮುಖದ ಬೆಟ್ಟಗಳಲ್ಲಿ 2005ರ ಕೊನೆಯವರೆಗೂ ಅಗೆದು ಸಾಗಿಸಿದ್ದು ಇದೇ ಮ್ಯಾಗ್ನಟೈಟ್ ಅದಿರನ್ನು. ನೆಲದೊಳಗಿನ ಕಲ್ಲಿಗೆ ತನ್ನದೆಂಬ ಹೆಸರಿಲ್ಲ. ಮನುಷ್ಯ ಅದರ ಎದುರು ಯಾವ ಕೆಲಸಕ್ಕಾಗಿ ನಿಂತಿದ್ದನೋ ಅದೇ ಹೆಸರಾಗುತ್ತದೆ. 'ಖನಿಜ' ಎಂಬ ಪದದ ಅರ್ಥವೂ ಅಷ್ಟೇ: ಖನಿಯಲ್ಲಿ, ಅಂದರೆ ಗಣಿಯಲ್ಲಿ ಹುಟ್ಟಿದ್ದು. ಇಂಗ್ಲಿಷಿನ 'ಮಿನರಲ್' ಪದದ ಬೇರಿನಲ್ಲಿಯೂ ಗಣಿಯೇ ಇದೆ. ಅಗೆಯುವ ಕೈ ಇಲ್ಲದೆ ಖನಿಜವಿಲ್ಲ ಎಂಬುದನ್ನು ಎರಡು ಭಾಷೆಗಳೂ ತಮ್ಮಷ್ಟಕ್ಕೆ ತಾವೇ ಕಂಡುಕೊಂಡಿವೆ.

ಹಾಗಾಗಿ ಖನಿಜಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ತಿಳಿಯುವುದು ಖನಿಜಗಳ ಗುಣಕ್ಕಿಂತ ಹೆಚ್ಚಾಗಿ ಹೆಸರಿಟ್ಟವರ ಬದುಕು. ದೂರದಿಂದ ನೋಡಿದವರು ಬಣ್ಣವನ್ನು ಹೆಸರಿಸಿದರು. ಮಾರಿದವರು, ಕೊಂಡವರು ಊರನ್ನೂ ಬೆಲೆಯನ್ನೂ ಹೊತ್ತು ತಂದರು. ಕೈಯಿಂದ ಮುಟ್ಟಿ ದುಡಿದವರು ತಮಗೆ ಆದದ್ದನ್ನು ಹೇಳಿದರು. ಅದು ಕೆಲವೊಮ್ಮೆ ಉಪಯೋಗ, ಕೆಲವೊಮ್ಮೆ ಮೋಸ, ಕೆಲವೊಮ್ಮೆ ಸಾವು.

ಕಣ್ಣಿಗೆ ಕಂಡದ್ದು

ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಡೆ ಹೋದವರಿಗೆ ರಸ್ತೆ, ಮರ, ಮನೆಗಳ ಮೇಲೆಲ್ಲ ಕೂತ ಕೆಂಪು ದೂಳಿನ ಪರಿಚಯವಿರುತ್ತದೆ. ಅಲ್ಲಿನ ಕಬ್ಬಿಣದ ಅದಿರಿಗೆ ಹೆಮಟೈಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಹೈಮ' ಎಂದರೆ ರಕ್ತ. ಕಲ್ಲು ಮೇಲುನೋಟಕ್ಕೆ ಕಪ್ಪಾಗಿಯೋ ಬೂದಿಯಾಗಿಯೋ ಇದ್ದರೂ ಅದನ್ನು ತೇಯ್ದರೆ ನೆತ್ತರಿನಂತಹ ಗೆರೆ ಮೂಡುತ್ತದೆ. ಗ್ರೀಕನ ಕಣ್ಣಿಗೆ ಅದು ರಕ್ತವಾಗಿ ಕಂಡಿತು. ಕನ್ನಡಿಗನಿಗೆ ಅದೇ ವಸ್ತು ಮಣ್ಣಿನ ರೂಪದಲ್ಲಿ ಸಿಕ್ಕಾಗ ಕೆಮ್ಮಣ್ಣು, ಜಾಜು, ಕಾವಿ. ಒಂದು ರಂಗೋಲಿಯ ಅಂಚಿಗೆ, ಇನ್ನೊಂದು ಗೋಡೆಗೆ, ಮತ್ತೊಂದು ಸನ್ಯಾಸಿಯ ಬಟ್ಟೆಗೆ. ಗೋವಾದಿಂದ ಕರಾವಳಿ ಕರ್ನಾಟಕದವರೆಗಿನ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಸುಣ್ಣದ ಬಿಳುಪಿನ ನಡುವೆ ಇದೇ ಕೆಂಪಿನಿಂದ ಮೂಡಿಸಿದ ಚಿತ್ರಗಳಿಗೆ 'ಕಾವಿ ಕಲೆ' ಎಂದೇ ಹೆಸರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಬೆಟ್ಟಕ್ಕೆ ಕೆಮ್ಮಣ್ಣುಗುಂಡಿ ಎಂಬ ಹೆಸರಿತ್ತು. ಭೂವಿಜ್ಞಾನಿ ಬಂದು ಹೇಳಬೇಕಾಗಿದ್ದ ಸಂಗತಿಯನ್ನು ಊರಿನ ಹೆಸರೇ ಹೇಳುತ್ತಿತ್ತು.

ತಾಮ್ರದ ಕತೆಯೂ ಬಣ್ಣದಿಂದಲೇ ಆರಂಭವಾಗುತ್ತದೆ. ಸಂಸ್ಕೃತದ 'ತಾಮ್ರ' ಎಂಬ ಪದಕ್ಕೆ ಗಾಢ ಕೆಂಪು ಎಂಬ ಅರ್ಥವಿದೆ. ದ್ರಾವಿಡ ಭಾಷೆಗಳಲ್ಲಿ ಕೆಂಪು ಲೋಹಕ್ಕೆ 'ಚೆಂಬು' ಎಂದು ಹೆಸರು. ತಮಿಳಿನಲ್ಲಿ ಇಂದಿಗೂ 'ಸೆಂಬು' ಎಂದರೆ ತಾಮ್ರ. ಕನ್ನಡದಲ್ಲಿ ಮಾತ್ರ ಲೋಹದ ಹೆಸರು ಪಾತ್ರೆಗೆ ಅಂಟಿಕೊಂಡು ಉಳಿಯಿತು. ಇಂದು ಸ್ಟೀಲಿನ ಚೆಂಬು, ಪ್ಲಾಸ್ಟಿಕ್ಕಿನ ಚೆಂಬು ಎಂದು ಹೇಳುವವರು ತಮಗೆ ತಿಳಿಯದೆ 'ಪ್ಲಾಸ್ಟಿಕ್ಕಿನ ತಾಮ್ರ' ಎಂದು ಹೇಳುತ್ತಿರುತ್ತಾರೆ. ಯುರೋಪಿನವರು ಬಣ್ಣವನ್ನು ಬಿಟ್ಟು ಊರನ್ನು ಹಿಡಿದರು. ರೋಮನ್ನರಿಗೆ ತಾಮ್ರ ಬರುತ್ತಿದ್ದುದು ಸೈಪ್ರಸ್ ದ್ವೀಪದಿಂದ. 'ಸೈಪ್ರಸ್ಸಿನ ಲೋಹ' ಎಂಬುದೇ ಸವೆದು ಲ್ಯಾಟಿನ್ನಿನ 'ಕುಪ್ರುಂ' ಆಗಿ, ಇಂಗ್ಲಿಷಿನ 'ಕಾಪರ್' ಆಯಿತು.

ವ್ಯಾಪಾರದ ದಾರಿಯಲ್ಲಿ

ಊರು ಹೆಸರಾಗುವುದು, ಹೆಸರು ಊರೂರು ಸುತ್ತುವುದು ರತ್ನಗಳ ವಿಷಯದಲ್ಲಿ ಇನ್ನೂ ಸ್ಪಷ್ಟ. ಈ ದಾರಿಯಲ್ಲಿ ಭಾರತದ ಪದಗಳು ಬಹು ದೂರ ಹೋಗಿವೆ. ಪ್ರಾಕೃತದ 'ವೇರುಲಿಯ', ಪಾಲಿಯ 'ವೇಲುರಿಯ', ಸಂಸ್ಕೃತದ 'ವೈಡೂರ್ಯ' ಎಲ್ಲ ಒಂದೇ ಪದದ ರೂಪಗಳು. ಇದು ಗ್ರೀಕರ ಬಾಯಲ್ಲಿ 'ಬೆರುಲ್ಲೋಸ್' ಆಯಿತು, ಇಂಗ್ಲಿಷಿನಲ್ಲಿ 'ಬೆರಿಲ್' ಆಯಿತು. ಬೆರಿಲ್ ಭಾರತದ ಕಲ್ಲು, ಬೇರೆಡೆ ಸಿಗುವುದು ಅಪರೂಪ ಎಂದು ಪ್ಲಿನಿ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಬರೆದ. ಎರಡನೆಯ ಶತಮಾನದ ಭೂಗೋಳಕಾರ ಟಾಲೆಮಿ ಇನ್ನೂ ಮುಂದೆ ಹೋಗಿ, ಬೆರಿಲ್ ಸಿಗುವ 'ಪೌನ್ನಾಟ' ಎಂಬ ಜಾಗವನ್ನು ಹೆಸರಿಸಿದ. ಅದು ಕಬಿನಿ ನದಿಯ ಸೀಮೆಯ ಪ್ರಾಚೀನ ಪುನ್ನಾಟ ರಾಜ್ಯವೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ.

ಯುರೋಪಿನಲ್ಲಿ ಈ ಪದದ ಪಯಣ ಅಲ್ಲಿಗೇ ನಿಲ್ಲಲಿಲ್ಲ. ಮಧ್ಯಯುಗದಲ್ಲಿ ಪಾರದರ್ಶಕ ಕಲ್ಲುಗಳಿಂದ ಓದುಗಾಜುಗಳನ್ನು ಮಾಡುತ್ತಿದ್ದರು. ಜರ್ಮನರು ಅದಕ್ಕೆ ಬೆರಿಲ್ಲಿನ ಹೆಸರನ್ನೇ ಕೊಟ್ಟರು. ಇಂದಿಗೂ ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ 'ಬ್ರಿಲ್ಲ' ಎನ್ನುತ್ತಾರೆ. 1798ರಲ್ಲಿ ಫ್ರಾನ್ಸಿನ ವೋಕ್ಲಾ ಈ ಕಲ್ಲಿನೊಳಗೆ ಹೊಸ ಮೂಲವಸ್ತುವೊಂದನ್ನು ಗುರುತಿಸಿದಾಗ ಕೊನೆಗೆ ಅದಕ್ಕೆ ನಿಂತ ಹೆಸರು ಬೆರಿಲಿಯಂ. ಭಾರತದ ಹಳೆಯ ಪದವೊಂದು ಹೀಗೆ ರಸಾಯನಶಾಸ್ತ್ರದ ಆವರ್ತ ಕೋಷ್ಟಕದ ನಾಲ್ಕನೆಯ ಮನೆಯಲ್ಲಿ ಕುಳಿತಿದೆ. ಇತ್ತ ಭಾರತದಲ್ಲಿ ಪದ ಉಳಿದು ಕಲ್ಲೇ ಬದಲಾಯಿತು. ನವರತ್ನದ ಉಂಗುರದಲ್ಲಿ ಈಗ ವೈಡೂರ್ಯ ಎಂದು ಕೂರಿಸುವುದು ಬೆರಿಲ್ ಅಲ್ಲ, ಬೆಕ್ಕಿನ ಕಣ್ಣಿನಂತೆ ಬೆಳಕಿನ ಗೆರೆ ಓಡಾಡುವ ಬೇರೊಂದು ಕಲ್ಲು.

ಹೋದ ಪದಗಳಂತೆ ಬಂದ ಪದಗಳೂ ಇವೆ. 'ಮರಕತ' ಅಚ್ಚ ಸಂಸ್ಕೃತ ಪದದಂತೆ ಕೇಳಿಸಿದರೂ ಅದರ ನೆಂಟಸ್ತಿಕೆ ಗ್ರೀಕಿನ 'ಸ್ಮರಗ್ಡೋಸ್' ಜೊತೆಗೆ. ಎರಡರ ಮೂಲವೂ ಪಶ್ಚಿಮ ಏಷ್ಯಾದ ಸೆಮಿಟಿಕ್ ಭಾಷೆಗಳಲ್ಲಿ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. 'ಎಮರಾಲ್ಡ್' ಅದರದೇ ಇಂಗ್ಲಿಷ್ ರೂಪ. ಕನ್ನಡಿಗರಿಗೆ ಈ ಗೊಡವೆಯಿಲ್ಲ. ಅವರಿಗೆ ಅದು ಪಚ್ಚೆ. ಹಸುರಾಗಿದೆ, ಅಷ್ಟೇ ಸಾಕು. ವಿಚಿತ್ರವೆಂದರೆ ಪಚ್ಚೆಯೂ ಬೆರಿಲ್ ಜಾತಿಯದೇ ಕಲ್ಲು. ಒಂದೇ ಖನಿಜಕ್ಕೆ ಒಂದು ಹೆಸರು ಭಾರತದಿಂದ ಹೊರಗೆ ಹೋಯಿತು, ಇನ್ನೊಂದು ಹೊರಗಿನಿಂದ ಒಳಗೆ ಬಂತು.

ವಜ್ರದ ನಂತರ ಅತಿ ಗಟ್ಟಿಯಾದ ಖನಿಜಕ್ಕೆ ಜಗತ್ತಿನಾದ್ಯಂತ 'ಕೊರಂಡಂ' ಎಂದು ಹೆಸರು. ಇದು ತಮಿಳಿನ 'ಕುರುಂದಂ'. ಸಂಸ್ಕೃತದಲ್ಲಿ 'ಕುರುವಿಂದ'. ಮಾಣಿಕ್ಯ, ನೀಲ ಎರಡೂ ಕುರುಂದದ ಬಣ್ಣದ ರೂಪಗಳೇ ಎಂಬುದು ಈಗಿನ ವಿಜ್ಞಾನದ ಮಾತು. ಆದರೆ ರತ್ನವಾಗದ ಒರಟು ಕುರುಂದವೇ ಹೆಚ್ಚು ಕೆಲಸಕ್ಕೆ ಬಂದದ್ದು. ಅದನ್ನು ಪುಡಿ ಮಾಡಿ ಅರಗಿನೊಂದಿಗೆ ಸೇರಿಸಿ ಸಾಣೆಯ ಚಕ್ರ ಮಾಡುತ್ತಿದ್ದರು. ಕತ್ತಿ, ಕತ್ತರಿಗಳ ಅಂಚಿಗೂ ರತ್ನಗಳ ಮುಖಕ್ಕೂ ಹೊಳಪು ಬರುತ್ತಿದ್ದುದು ಅದರಿಂದ. ಇಂತಹ ಸಾಣೆಗಾರರು, ವ್ಯಾಪಾರಿಗಳ ಬಾಯಿಂದಲೇ ಈ ಪದ ಯುರೋಪನ್ನು ಮುಟ್ಟಿತು.

ಕಸುಬಿನ ಮಾತು

ಕಸುಬುದಾರರ ಪದಗಳಲ್ಲಿ ಅಲಂಕಾರ ಕಡಿಮೆ, ಅನುಭವ ಹೆಚ್ಚು. ಬೇಲೂರು, ಹಳೇಬೀಡುಗಳ ಶಿಲ್ಪಗಳನ್ನು ಕೆತ್ತಿದ ಕಲ್ಲನ್ನು ಕನ್ನಡದಲ್ಲಿ 'ಬಳಪದ ಕಲ್ಲು' ಎನ್ನುತ್ತಾರೆ. ಸ್ಲೇಟಿನ ಮೇಲೆ ಬರೆಯುವ ಬಳಪವನ್ನು ಮಾಡುವಷ್ಟು ಮೆದು ಎಂಬುದು ಇದರ ಅರ್ಥ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಗುಣವಿಲ್ಲದಿದ್ದರೆ ಮದನಿಕೆಯರ ಬಳೆ, ಜಡೆ, ಬೆರಳುಗಳ ಆ ಸೂಕ್ಷ್ಮ ಕೆಲಸ ಸಾಧ್ಯವಾಗುತ್ತಿರಲಿಲ್ಲ. ಇಂಗ್ಲಿಷರು ಇದೇ ಜಾತಿಯ ಕಲ್ಲನ್ನು ಮುಟ್ಟಿ ನೋಡಿ 'ಸೋಪಿನ ಕಲ್ಲು' ಎಂದರು. ಗ್ರೀಕರಿಗೆ ಅದು ಕೊಬ್ಬಿನಂತೆ ಜಾರಿತು. 'ಸ್ಟಿಯಟೈಟ್' ಎಂಬ ಪದದಲ್ಲಿರುವುದು ಪ್ರಾಣಿಯ ಕೊಬ್ಬು. ಮೂರೂ ಹೆಸರು ಬೆರಳ ತುದಿಯಲ್ಲೇ ಹುಟ್ಟಿದವು. ಆದರೆ ಕನ್ನಡದ ಹೆಸರಿನಲ್ಲಿ ಮಾತ್ರ ಬರವಣಿಗೆ ಸೇರಿಕೊಂಡಿದೆ.

ಬರವಣಿಗೆಯ ಹೆಸರು ಹೊತ್ತ ಇನ್ನೊಂದು ಖನಿಜ ಗ್ರಾಫೈಟ್. ಗ್ರೀಕಿನ 'ಬರೆ' ಎಂಬ ಧಾತುವಿನಿಂದ ಈ ಹೆಸರನ್ನು 1789ರಲ್ಲಿ ಕೊಟ್ಟವನು ಜರ್ಮನಿಯ ಖನಿಜಶಾಸ್ತ್ರಜ್ಞ ವೆರ್ನರ್. ಅದಕ್ಕೂ ಮೊದಲು, 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಇದರ ದೊಡ್ಡ ನಿಕ್ಷೇಪ ಸಿಕ್ಕಾಗ ಜನ ಇದನ್ನು ಸೀಸದ ಒಂದು ಬಗೆ ಎಂದು ತಿಳಿದು 'ಕಪ್ಪು ಸೀಸ' ಎಂದು ಕರೆದಿದ್ದರು. ಇದು ಇಂಗಾಲ ಎಂದು 1779ರಲ್ಲಿ ಸ್ವೀಡನ್ನಿನ ಷೀಲೆ ತೋರಿಸಿದ. ಅಷ್ಟರಲ್ಲಿ ತಪ್ಪು ಹೆಸರು ಬೇರುಬಿಟ್ಟಿತ್ತು. ಪೆನ್ಸಿಲಿಗೆ ಜರ್ಮನ್ ಭಾಷೆಯಲ್ಲಿ ಇಂದಿಗೂ 'ಸೀಸದ ಕಡ್ಡಿ' ಎಂಬರ್ಥದ ಪದವೇ ಇದೆ. ಆ ತಪ್ಪು ಕಡಲು ದಾಟಿ ಕನ್ನಡಕ್ಕೂ ಬಂತು. ಹಿಂದಿನ ತಲೆಮಾರಿನ ಮೇಷ್ಟರುಗಳು 'ಸೀಸದ ಕಡ್ಡಿ ತಗೊಳ್ರೋ' ಎಂದು ಹೇಳುತ್ತಿದ್ದಾಗ ಅದರಲ್ಲಿ ಸೀಸ ಒಂದಿಷ್ಟೂ ಇರಲಿಲ್ಲ.

ಕಸುಬುದಾರನ ಪದವೇ ವಿಜ್ಞಾನದ ಪದವಾದ ಒಂದು ಉದಾಹರಣೆ ಇದೇ ನೆಲದ್ದು. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಮಲಬಾರಿನ ಅಂಗಡಿಪುರಂ ಬಳಿ ಜನ ನೆಲದಿಂದ ಮೆದುವಾದ ಕೆಂಪು ಕಲ್ಲನ್ನು ಕೊಯ್ದು ತೆಗೆದು, ಒಣಗಿಸಿ ಮನೆ ಕಟ್ಟುವುದನ್ನು ಕಂಡ. ಜನ ಅದನ್ನು 'ಇಟ್ಟಿಗೆ ಕಲ್ಲು' ಎನ್ನುತ್ತಾರೆಂದು ಬರೆದುಕೊಂಡ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಗ್ರಂಥದಲ್ಲಿ, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ 'ಲಾಟರ್' ಎಂಬ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ಸೂಚಿಸಿದ. ಅದು ಕಲ್ಲುಕುಟಿಗನ ಪದದ ಅನುವಾದವಲ್ಲದೆ ಬೇರೇನೂ ಅಲ್ಲ. ಇಂದು ಬ್ರೆಜಿಲ್ಲಿನಿಂದ ಆಸ್ಟ್ರೇಲಿಯಾದವರೆಗೆ ಭೂವಿಜ್ಞಾನಿಗಳು ಬಳಸುವ ಈ ಪದದ ಹಿಂದೆ ದಕ್ಷಿಣ ಭಾರತದ ಕೂಲಿಯವರ ಮಾತಿದೆ. ಕರಾವಳಿಯವರು ಅದನ್ನೇ ಮುರಕಲ್ಲು ಎಂದೂ, ಇತರ ಕಡೆಯವರು ಜಂಬಿಟ್ಟಿಗೆ ಎಂದೂ ಕರೆಯುತ್ತಾರೆ. ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಇದ್ದೇ ಇದೆ.

ಮೋಸಹೋದವರು

ಕಲ್ಲು ಅಗೆಯುವವರ ಅನುಭವವೆಲ್ಲ ಇಂತಹ ಸುಖದ್ದಲ್ಲ. ಹೊಳೆಯುವ ಪದರಗಳ ಅಭ್ರಕವನ್ನು ಮೊದಲ ಬಾರಿಗೆ ಕಂಡವರು ಚಿನ್ನವೆಂದು ಓಡಿರಬೇಕು. ಕೈಗೆ ಬಂದದ್ದು ಬೆಲೆಯಿಲ್ಲದ ಹೊಪ್ಪಳೆ. ಸಂಸ್ಕೃತದವರು ಇದಕ್ಕೆ ಮೋಡದ ಹೆಸರಿಟ್ಟರು; 'ಅಭ್ರ' ಎಂದರೆ ಮೋಡ. ಕನ್ನಡದವರು 'ಕಾಗೆಬಂಗಾರ' ಎಂದರು. ಕಾಗೆಗೆ ತಕ್ಕ ಬಂಗಾರ, ಮನುಷ್ಯನಿಗಲ್ಲ ಎಂಬ ಹಾಸ್ಯ ಅದರಲ್ಲಿದೆ. ತೆಲುಗು, ತಮಿಳುಗಳಲ್ಲಿಯೂ ಇದು ಕಾಗೆಯ ಚಿನ್ನವೇ. ಸಾವಿರಾರು ಮೈಲಿ ದೂರದ ಜರ್ಮನ್ನರು ಇದನ್ನೇ 'ಬೆಕ್ಕಿನ ಬಂಗಾರ' ಎಂದರು. ಪ್ರಾಣಿ ಬೇರೆ, ನಿರಾಶೆ ಒಂದೇ. ಎರಡು ನಾಡಿನವರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಬಗೆಯಲ್ಲಿ ನಕ್ಕಿದ್ದಾರೆ.

ಖನಿಜಗಳ ಪಟ್ಟಿಯಲ್ಲಿ 'ಮೋಸಗಾರ' ಎಂಬ ಹೆಸರಿನವು ಬೇಕಾದಷ್ಟಿವೆ. ಸತುವಿನ ಮುಖ್ಯ ಅದಿರಾದ ಸ್ಫಾಲರೈಟ್ ಎಂಬುದಕ್ಕೆ ಗ್ರೀಕಿನಲ್ಲಿ ನಂಬಿಸಿ ಕೈಕೊಡುವುದು ಎಂಬರ್ಥ. ಸೀಸದ ಅದಿರಿನಂತೆಯೇ ಕಾಣುತ್ತಿದ್ದ ಇದನ್ನು ಕರಗಿಸಿದರೆ ಸೀಸ ಬರುತ್ತಿರಲಿಲ್ಲ. ಅಪಟೈಟ್ ಎಂಬ ಹೆಸರಿನಲ್ಲಿಯೂ ಇರುವುದು ವಂಚನೆಯೇ. ಬೇರೆ ಬೇರೆ ರತ್ನಗಳಂತೆ ಕಾಣಿಸಿಕೊಂಡು ಪರೀಕ್ಷಕರನ್ನು ದಾರಿ ತಪ್ಪಿಸುತ್ತಿದ್ದ ಕಾರಣಕ್ಕೆ ವೆರ್ನರ್ 1786ರಲ್ಲಿ ಈ ಹೆಸರು ಕೊಟ್ಟ. ಮನುಷ್ಯನ ಹಲ್ಲು, ಮೂಳೆಗಳಿಗೆ ಗಟ್ಟಿತನ ಕೊಡುವುದು ಇದೇ ವಂಚಕನ ಕುಲದ ಖನಿಜ ಎಂಬುದು ಆಮೇಲೆ ತಿಳಿಯಿತು.

ಗಣಿಯ ಭೂತಗಳು

ಮೋಸ ಹಣದ ನಷ್ಟದಲ್ಲಿ ಮುಗಿದರೆ ನಗಬಹುದು. ಜರ್ಮನಿಯ ಸ್ಯಾಕ್ಸನಿ ಮತ್ತು ಬೊಹೀಮಿಯಾಗಳ ನಡುವೆ ಒಂದು ಪರ್ವತಸಾಲಿದೆ. ಅದಕ್ಕೆ 'ಅದಿರಿನ ಬೆಟ್ಟಗಳು' ಎಂದೇ ಹೆಸರು. 15 ಮತ್ತು 16ನೆಯ ಶತಮಾನಗಳಲ್ಲಿ ಬೆಳ್ಳಿಗಾಗಿ ಅಲ್ಲಿ ಸಾವಿರಾರು ಜನ ನೆಲದೊಳಗೆ ಇಳಿದರು. ಬೆಳ್ಳಿಯ ಅದಿರಿನಂತೆ ಕಾಣುವ ಒಂದು ಕಲ್ಲು ಅವರಿಗೆ ಮತ್ತೆ ಮತ್ತೆ ಸಿಗುತ್ತಿತ್ತು. ಕುಲುಮೆಗೆ ಹಾಕಿದರೆ ಬೆಳ್ಳಿ ಬರುತ್ತಿರಲಿಲ್ಲ. ಬದಲಿಗೆ ಬಂದ ಹೊಗೆಯನ್ನು ಕುಡಿದವರು ಕಾಯಿಲೆ ಬೀಳುತ್ತಿದ್ದರು. ಒದ್ದೆಯಾದ ಕೈಕಾಲಿಗೆ ಅದು ತಗುಲಿದರೆ ಚರ್ಮ ಹುಣ್ಣಾಗುತ್ತಿತ್ತು. ನೆಲದೊಳಗಿನ 'ಕೋಬೋಲ್ಡ್' ಎಂಬ ತಂಟೆಕೋರ ಭೂತ ಒಳ್ಳೆಯ ಬೆಳ್ಳಿಯನ್ನು ಕದ್ದು ಈ ಕೆಟ್ಟ ಕಲ್ಲನ್ನು ಇಟ್ಟುಹೋಗಿದೆ ಎಂದು ಅವರು ನಂಬಿದರು. ಕಲ್ಲಿಗೂ ಭೂತದ ಹೆಸರೇ ಬಂತು. 1735ರ ಸುಮಾರಿಗೆ ಸ್ವೀಡನ್ನಿನ ಬ್ರಾಂಟ್ ಅದರಿಂದ ಹೊಸ ಲೋಹವನ್ನು ಬೇರ್ಪಡಿಸಿದಾಗಲೂ ಆ ಹೆಸರು ಬಿಡಲಿಲ್ಲ. ಅದೇ ಕೋಬಾಲ್ಟ್.

ನಿಕೆಲ್ಲಿನದೂ ಇದೇ ಜಾತಕ. ತಾಮ್ರದ ಬಣ್ಣವಿದ್ದೂ ತಾಮ್ರ ಕೊಡದ ಕಲ್ಲನ್ನು ಗಣಿಯವರು 'ಕುಪ್ಫರ್‌ನಿಕೆಲ್' ಎಂದು ಬೈಯುತ್ತಿದ್ದರು. ತಾಮ್ರಕ್ಕೆ ಹಿಡಿದ ನಿಕೆಲ್ ಎಂಬ ಪಿಶಾಚಿ ಎಂದರ್ಥ. 1751ರಲ್ಲಿ ಕ್ರೋನ್‌ಸ್ಟೆಟ್ ಹೊಸ ಲೋಹವನ್ನು ಕಂಡುಹಿಡಿದ ಮೇಲೆ ತಾಮ್ರವನ್ನು ಕಳಚಿ ಪಿಶಾಚಿಯ ಹೆಸರನ್ನಷ್ಟೇ ಉಳಿಸಿಕೊಂಡ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಬಹಳ ಕಾಲ ಈ ಲೋಹ ಇತ್ತು. ಅಂದರೆ ಜರ್ಮನ್ ಗಣಿಗಳ ಪಿಶಾಚಿ ಇಲ್ಲಿನ ದೇವರ ಹುಂಡಿಗಳಿಗೂ ಬಿದ್ದಿದೆ.

ಈ ಭೂತಗಳ ನಿಜವಾದ ಹೆಸರು ಆರ್ಸೆನಿಕ್. ಆ ಕೋಬಾಲ್ಟ್, ನಿಕೆಲ್ ಅದಿರುಗಳಲ್ಲಿ ಆರ್ಸೆನಿಕ್ ಬೆರೆತಿರುತ್ತಿತ್ತು; ಕಾಯಿಸಿದಾಗ ಅದು ವಿಷದ ಹೊಗೆಯಾಗುತ್ತಿತ್ತು. ಅದೇ ಸೀಮೆಯ ಯೋಆಖಿಮ್ಸ್‌ತಾಲ್ ಎಂಬ ಗಣಿಯೂರಿನಲ್ಲಿ ವೈದ್ಯನಾಗಿದ್ದ ಅಗ್ರಿಕೋಲಾ ಕಾರ್ಮಿಕರ ಹುಣ್ಣುಗಳನ್ನು ಕಣ್ಣಾರೆ ಕಂಡವನು. ಅವನ ಮರಣಾನಂತರ 1556ರಲ್ಲಿ ಪ್ರಕಟವಾದ ಗಣಿಗಾರಿಕೆಯ ಮಹಾಗ್ರಂಥದಲ್ಲಿ ಕೈಕಾಲು, ಶ್ವಾಸಕೋಶ, ಕಣ್ಣುಗಳನ್ನು ತಿನ್ನುವ ಈ ಕಲ್ಲಿನ ವಿವರವಿದೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಗಂಡಂದಿರೆಲ್ಲ ಎದೆರೋಗದಿಂದ ಸತ್ತು ಏಳು ಮದುವೆಯಾದ ಹೆಂಗಸರಿದ್ದಾರೆ ಎಂಬ ಮಾತೂ ಅದರಲ್ಲಿದೆ. ಅಷ್ಟಾಗಿಯೂ ಅಗ್ರಿಕೋಲಾ ಗಣಿಯ ಭೂತಗಳನ್ನು ಅಲ್ಲಗಳೆಯಲಿಲ್ಲ.

ಯೋಆಖಿಮ್ಸ್‌ತಾಲಿನ ಇನ್ನೊಂದು ಕಪ್ಪು ಕಲ್ಲು 'ಪಿಚ್‌ಬ್ಲೆಂಡ್'. ಮೊದಲ ಭಾಗಕ್ಕೆ ಜರ್ಮನ್ನಿನಲ್ಲಿ ಡಾಂಬರಿನಂತಹ ಕಪ್ಪು ಅಂಟು ಎಂಬರ್ಥ; ಅದೇ ಪದಕ್ಕೆ ದುರದೃಷ್ಟ ಎಂಬರ್ಥವೂ ಇದೆ. ಎರಡನೆಯದಕ್ಕೆ ಕಣ್ಣಿಗೆ ಮಂಕುಬೂದಿ ಎರಚುವುದು ಎಂದರ್ಥ. ಈ ಜಾತಿಯ ಅದಿರಿನಲ್ಲಿಯೇ 1789ರಲ್ಲಿ ಕ್ಲಾಪ್ರೋಟ್ ಯುರೇನಿಯಮ್ಮನ್ನು ಗುರುತಿಸಿದ. ಎಂಟು ವರ್ಷ ಹಿಂದೆ ಆಕಾಶದಲ್ಲಿ ಪತ್ತೆಯಾಗಿದ್ದ ಯುರೇನಸ್ ಗ್ರಹದ ಗೌರವಾರ್ಥ ಆ ಹೆಸರಿಟ್ಟ. 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಪತ್ತೆ ಮಾಡಿದ್ದೂ ಪಿಚ್‌ಬ್ಲೆಂಡಿನಲ್ಲಿಯೇ. ಪಕ್ಕದ ಷ್ನೇಬೆರ್ಗ್ ಗಣಿಗಳ ಕಾರ್ಮಿಕರನ್ನು ಶತಮಾನಗಳಿಂದ ಕೊಲ್ಲುತ್ತಿದ್ದ 'ಬೆಟ್ಟದ ರೋಗ' ಶ್ವಾಸಕೋಶದ ಕ್ಯಾನ್ಸರ್ ಎಂದು 1879ರಲ್ಲಿ ಇಬ್ಬರು ವೈದ್ಯರು ವರದಿ ಮಾಡಿದ್ದರು. ಅದರ ಹಿಂದೆ ಯುರೇನಿಯಂ ಅದಿರಿನಿಂದ ಹೊಮ್ಮುವ ರೇಡಾನ್ ಅನಿಲವಿತ್ತು ಎಂಬುದು ಆಮೇಲೆ ಸ್ಥಿರಪಟ್ಟಿತು. ವಿಜ್ಞಾನಿ ಗ್ರಹದ ಹೆಸರಿಟ್ಟ ವಸ್ತುವಿನ ಅದಿರಿಗೆ ಕಾರ್ಮಿಕ ಬಹಳ ಮೊದಲೇ ಕರಿ ಹೆಸರನ್ನು ಕೊಟ್ಟಿದ್ದ.

ವಿಷಕ್ಕೆ ಇಟ್ಟ ಹೆಸರು

ಆ ಆರ್ಸೆನಿಕ್ ಎಂಬ ಹೆಸರಿನ ಮೂಲವನ್ನು ಹುಡುಕಿದರೆ ಸಿಗುವುದು ವಿಷವಲ್ಲ, ಬಂಗಾರ. ಪರ್ಷಿಯನ್ನಿನ ಚಿನ್ನದ ಬಣ್ಣ ಎಂಬರ್ಥದ 'ಜರ್ನಿಖ್' ಪದ ಗ್ರೀಕಿಗೆ ಹೋಗಿ 'ಆರ್ಸೆನಿಕೋನ್' ಆಯಿತು. ಅದು ಹಳದಿ ಬಣ್ಣದ ಆರ್ಸೆನಿಕ್ ಖನಿಜಕ್ಕೆ ಇದ್ದ ಹೆಸರು. ಲ್ಯಾಟಿನ್ನಿನಲ್ಲಿ ಅದು 'ಬಂಗಾರದ ಬಣ್ಣ'. ಇಂಗ್ಲಿಷಿನ 'ಆರ್ಪಿಮೆಂಟ್' ಅದರಿಂದ ಬಂದದ್ದು. ಸಂಸ್ಕೃತದಲ್ಲಿ 'ಹರಿತಾಳ', ಕನ್ನಡದಲ್ಲಿ 'ಅರದಾಳ'. ಯಕ್ಷಗಾನದ ಹಳೆಯ ಕಲಾವಿದರು ಚೌಕಿಯಲ್ಲಿ ದೀಪದ ಮುಂದೆ ಕುಳಿತು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಹಳದಿ ಇದೇ ಅರದಾಳ. ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ ಖನಿಜ. ಈ ಹೆಸರುಗಳೆಲ್ಲ ನೋಡುವವರ ಹೆಸರುಗಳು. ಬಣ್ಣ ಹಚ್ಚಿಕೊಂಡ ಚರ್ಮದ ಕತೆ ಅವುಗಳಲ್ಲಿಲ್ಲ.

ಆದರೆ ಕನ್ನಡದ ಆಡುಮಾತು ಈ ಲೋಪವನ್ನು ಬೇರೊಂದು ದಾರಿಯಿಂದ ತುಂಬಿಕೊಂಡಿದೆ. ಸಂಸ್ಕೃತದಲ್ಲಿ 'ಪಾಷಾಣ' ಎಂದರೆ ಬರಿಯ ಕಲ್ಲು. ಕನ್ನಡದಲ್ಲಿ ಪಾಷಾಣ ಎಂದರೆ ವಿಷ. ಅಂಗಡಿಯಲ್ಲಿ 'ಇಲಿ ಪಾಷಾಣ' ಕೇಳುವವರಿಗೆ ತಾವು 'ಇಲಿಗೆ ಕಲ್ಲು' ಕೇಳುತ್ತಿದ್ದೇವೆ ಎಂಬ ಅರಿವಿರುವುದಿಲ್ಲ. ಗಿಡದ ವಿಷವಲ್ಲ, ಹಾವಿನ ವಿಷವಲ್ಲ, ಕಲ್ಲಿನಿಂದ ಬಂದ ವಿಷ ಎಂದು ಒಂದು ಕಾಲದಲ್ಲಿ ಬೇರ್ಪಡಿಸಿ ಹೇಳಿದ ಮಾತು ಅದು. ಆರ್ಸೆನಿಕ್ಕಿನ ಕಲ್ಲುಗಳೇ ಆ ಕಲ್ಲುಗಳು. ಬಳಕೆಯಲ್ಲಿ ಕಲ್ಲು ಮರೆತುಹೋಗಿ ವಿಷ ಉಳಿಯಿತು. ಜರ್ಮನ್ ಗಣಿಕಾರ್ಮಿಕ ಭೂತದ ಹೆಸರಿನಲ್ಲಿ ಇಟ್ಟ ಎಚ್ಚರಿಕೆಯನ್ನು ಕನ್ನಡ ಒಂದು ಪದದ ಅರ್ಥವನ್ನೇ ತಿರುಗಿಸಿ ಇಟ್ಟಿತು.

ಇದಕ್ಕೆ ತೀರ ವಿರುದ್ಧವಾದದ್ದು ಕಲ್ನಾರಿನ ಕತೆ. ನೂಲಿನಂತೆ ಎಳೆ ಬಿಡುವ, ಬೆಂಕಿಗೆ ಸುಡದ ಈ ಖನಿಜವನ್ನು ಗ್ರೀಕರು 'ಅಮಿಯಾಂಟೋಸ್' ಎಂದರು. ಮಲಿನವಾಗದ್ದು ಎಂದರ್ಥ. ಕೊಳೆಯಾದ ಬಟ್ಟೆಯನ್ನು ಬೆಂಕಿಗೆ ಹಾಕಿದರೆ ಬೆಳ್ಳಗಾಗಿ ಹೊರಬರುವ ಬೆರಗು ಅದರಲ್ಲಿದೆ. 'ಆಸ್ಬೆಸ್ಟಾಸ್' ಎಂಬುದು ಗ್ರೀಕರಲ್ಲಿ ಸುಟ್ಟ ಸುಣ್ಣಕ್ಕಿದ್ದ ಹೆಸರು. ಅದರ ಅರ್ಥ ಆರಿಸಲಾಗದ್ದು. ಎರಡನ್ನೂ ಕಲಸಿ ಮುಂದಿನವರು ಸುಣ್ಣದ ಹೆಸರನ್ನು ನಾರಿಗೆ ಅಂಟಿಸಿದರು. ಕನ್ನಡದ 'ಕಲ್ನಾರು' ಕಂಡದ್ದನ್ನು ಕಂಡಹಾಗೆ ಹೇಳುತ್ತದೆ, ಹೆಚ್ಚೇನೂ ಹೇಳುವುದಿಲ್ಲ. ಇದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಒಳಗೆ ಹೋಗಿ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರುತ್ತವೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಲವು ದೇಶಗಳು ನಿಷೇಧಿಸಿವೆ. ರೋಗ ತಡವಾಗಿ ಬರುವುದರಿಂದ ಅದನ್ನು ಕಲ್ಲಿನ ಜೊತೆ ತಳುಕುಹಾಕಿ ಹೆಸರಿಡಲು ಕಾರ್ಮಿಕನಿಗೆ ಆಗಲಿಲ್ಲ. ಹೊಗಳಿಕೆಯ ಹೆಸರೇ ಉಳಿಯಿತು.

ಇಂದಿನ ನಾಮಕರಣ

ಈಗ ಖನಿಜಗಳಿಗೆ ಹೆಸರಿಡುವ ಕೆಲಸ ಗಣಿಯಲ್ಲಿ ನಡೆಯುವುದಿಲ್ಲ. 1959ರಿಂದ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಸಮಿತಿಯೊಂದು ಹೊಸ ಖನಿಜವನ್ನೂ ಅದರ ಹೆಸರನ್ನೂ ಪರಿಶೀಲಿಸಿ ಒಪ್ಪುತ್ತದೆ. ಪಟ್ಟಿಯಲ್ಲಿ ಸುಮಾರು 6 ಸಾವಿರ ಖನಿಜಗಳಿವೆ. ಸಿಕ್ಕ ಜಾಗ, ರಾಸಾಯನಿಕ ರಚನೆ ಅಥವಾ ಒಬ್ಬ ವ್ಯಕ್ತಿಯ ಹೆಸರಿಗೆ 'ಐಟ್' ಎಂಬ ಬಾಲ ಸೇರಿದರೆ ಹೆಸರು ಸಿದ್ಧ. ಈ ಪದ್ಧತಿಯಲ್ಲಿಯೂ ತಮಾಷೆಗಳಿಲ್ಲದೆ ಇಲ್ಲ. ಜರ್ಮನ್ ಕವಿ ಗಯಟೆಯ ಹೆಸರನ್ನು 1806ರಲ್ಲಿ ಒಂದು ಕಬ್ಬಿಣದ ಖನಿಜಕ್ಕೆ ಇಟ್ಟರು. ಲ್ಯಾಟರೈಟಿನಲ್ಲಿ ಆ ಖನಿಜ ಹೇರಳ. ಕರಾವಳಿಯ ಮುರಕಲ್ಲಿನ ಗೋಡೆಗಳಲ್ಲೆಲ್ಲ ಆ ಕವಿ ಇದ್ದಾನೆ. ಬೆಂಗಳೂರಿನ ಪಕ್ಕದ ರಾಮನಗರದ ಬಂಡೆಗಳನ್ನು ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ನೆನಪಿಗೆ ಊರಿಗಿದ್ದ ಹೆಸರು ಅದು. ಊರು ಹೆಸರು ಬದಲಿಸಿಕೊಂಡಿತು, ಬಂಡೆ ಬದಲಿಸಿಕೊಳ್ಳಲಿಲ್ಲ.

ಸಮಿತಿಯ ಹೆಸರುಗಳಿಂದ ಅನುಕೂಲವಿದೆ. ಒಂದು ಕಲ್ಲಿಗೆ ಒಂದೇ ಹೆಸರು, ಎಲ್ಲ ದೇಶಗಳಿಗೂ ಅದೇ. ವೈಡೂರ್ಯದಂತೆ ಪದ ಒಂದು ಕಡೆ, ಕಲ್ಲು ಇನ್ನೊಂದು ಕಡೆ ಆಗುವ ಭಯವಿಲ್ಲ. ಆದರೆ ಆ ಕಲ್ಲು ಮುಟ್ಟಿದವರಿಗೆ ಏನು ಮಾಡುತ್ತದೆ ಎಂಬುದು ಹೆಸರಿನಲ್ಲಿ ಇರುವುದಿಲ್ಲ. ಅದನ್ನು ಬೇರೆಡೆ, ಕಾಯಿದೆಗಳಲ್ಲಿ, ಗಣಿಯ ಬಾಗಿಲಿನ ಫಲಕಗಳಲ್ಲಿ, ವೈದ್ಯಕೀಯ ತಪಾಸಣೆಯ ಪುಸ್ತಕಗಳಲ್ಲಿ ಬರೆದಿಡಬೇಕು. ಬರೆದಿಡದಿದ್ದರೆ ಕೋಬೋಲ್ಡನನ್ನು ನಂಬಿದವನಿಗೆ ಇದ್ದ ಎಚ್ಚರವೂ ಇಂದಿನವನಿಗೆ ಇರುವುದಿಲ್ಲ.

ಕೋಬಾಲ್ಟಿನ ಕತೆ ಇನ್ನೂ ಮುಗಿದಿಲ್ಲ. ಮೊಬೈಲು, ಲ್ಯಾಪ್‌ಟಾಪುಗಳ ಬ್ಯಾಟರಿಗಳಿಗೆ ಈ ಲೋಹ ಬೇಕು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನ ಬಹುಪಾಲು ಆಫ್ರಿಕಾದ ಕಾಂಗೋ ದೇಶದ್ದು. ಅಲ್ಲಿ ದೊಡ್ಡ ಯಂತ್ರಗಳ ಗಣಿಗಳ ಪಕ್ಕದಲ್ಲೇ ಬರಿಗೈಯಲ್ಲಿ ಗುಂಡಿ ತೋಡಿ ಅದಿರು ತೆಗೆಯುವವರಿದ್ದಾರೆ. ಕುಸಿದ ಮಣ್ಣಿನಡಿ ಸಿಕ್ಕಿದವರು, ದೂಳು ಕುಡಿದು ನರಳುವವರು ಅವರಲ್ಲಿದ್ದಾರೆ. ಬೆಳ್ಳಿ ಕದಿಯುವ ಭೂತವನ್ನು ಅವರು ನಂಬುತ್ತಿಲ್ಲದಿರಬಹುದು. ಆದರೆ ಐನೂರು ವರ್ಷಗಳ ಹಿಂದೆ ಅದಿರಿನ ಬೆಟ್ಟಗಳ ಕತ್ತಲೆಯಲ್ಲಿ ಹೆದರಿದ ಯಾರೋ ಒಬ್ಬ ಕೂಲಿಯವನು ಇಟ್ಟ ಹೆಸರು, ಇಂದು ಅಂಗೈಯಲ್ಲಿ ಹಿಡಿದು ಮಾತಾಡುವ ಯಂತ್ರದೊಳಗೆ ಹಾಗೆಯೇ ಕುಳಿತಿದೆ.